ಅಂಗುಳಕ್ಕೆ ಸೂಜಿ ಇಳಿಸುವ ಮುನ್ನ: ಗುರುತುಗಳನ್ನು ಬೆರಳಿನಿಂದ ಹುಡುಕುವ ಕ್ರಮ

‘ಗ್ರೇಟರ್ ಪ್ಯಾಲಟೈನ್ ರಂಧ್ರ ನಿಜಕ್ಕೂ ಎಲ್ಲಿದೆ? ಒಂದು ಪುಸ್ತಕ ಎರಡನೇ ದವಡೆ ಹಲ್ಲಿನ ಹತ್ತಿರ ಎನ್ನುತ್ತದೆ, ಇನ್ನೊಂದು ಮೂರನೆಯದರ ಎದುರು ಎನ್ನುತ್ತದೆ. ಯಾವುದನ್ನು ನಂಬಬೇಕು?’ ದಂತವೈದ್ಯಕೀಯ ಓದುತ್ತಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅಂಗುಳದ ಹಿಂಭಾಗದ ಮೂಳೆಯಲ್ಲಿ ನರ ಹೊರಬರುವ ತೂತೇ ಈ ರಂಧ್ರ. ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ: ‘ಅಂಗುಳಕ್ಕೆ ಚುಚ್ಚಿದಾಗ ರೋಗಿ ಯಾಕೆ ಅಷ್ಟು ಬೆಚ್ಚಿಬೀಳುತ್ತಾರೆ?’ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಸಿಗುತ್ತದೆ. ಪುಸ್ತಕ ಹೇಳುವುದು ಸರಾಸರಿಯನ್ನು. ನಿಮ್ಮ ಮುಂದೆ ಬಾಯಿ ತೆರೆದು ಮಲಗಿರುವ ವ್ಯಕ್ತಿಯ ರಂಧ್ರ ಎಲ್ಲಿದೆಯೆಂದು ತಿಳಿಯಬೇಕಾದರೆ ಅದನ್ನು ಒತ್ತಿ ಹುಡುಕಬೇಕು. ಒತ್ತಿ ಹುಡುಕುವ ಆ ಕ್ರಿಯೆಯೇ ನೋವನ್ನೂ ಅರ್ಧ ಇಳಿಸಿಬಿಡುತ್ತದೆ.

ಈ ಬರಹ ದಂತವೈದ್ಯಕೀಯ ವಿದ್ಯಾರ್ಥಿಗಳಿಗೆ ಮತ್ತು ಹೊಸದಾಗಿ ವೃತ್ತಿಗೆ ಇಳಿದವರಿಗೆ. ಸೂಜಿ ಹಿಡಿಯುವ ಹಂತಗಳನ್ನು ಅನುಭವಿ ಶಿಕ್ಷಕರ ಕಣ್ಣೆದುರಿನಲ್ಲೇ ಮಾಡಿ. ಸೂಜಿಯಿಲ್ಲದ ಹಂತಗಳನ್ನು ಇಂದೇ, ನಿಮ್ಮದೇ ಬಾಯಿಯಲ್ಲಿ, ಕೈ ತೊಳೆದುಕೊಂಡು ಕನ್ನಡಿಯ ಮುಂದೆ ಶುರು ಮಾಡಬಹುದು.

ಕೈ ಹಾಕುವ ಮುನ್ನ ತಿಳಿದಿರಬೇಕಾದದ್ದು

ಗಟ್ಟಿ ಅಂಗುಳ ಒಂದೇ ಮೂಳೆಯಲ್ಲ. ಮುಂದಿನ ಸುಮಾರು ಮೂರನೇ ಎರಡು ಭಾಗ ಮೇಲ್ದವಡೆಯ ಮೂಳೆಯಿಂದ ಒಳಕ್ಕೆ ಚಾಚಿಕೊಂಡ ಹಲಗೆಗಳು. ಹಿಂದಿನ ಮೂರನೇ ಒಂದು ಭಾಗ ಪ್ಯಾಲಟೈನ್ ಮೂಳೆಗಳ ಅಡ್ಡ ಹಲಗೆಗಳು. ಈ ಚಾವಣಿಗೆ ಅರಿವಳಿಕೆಯ ದೃಷ್ಟಿಯಿಂದ ಮುಖ್ಯವಾದ ಬಾಗಿಲುಗಳು ಮೂರು: ಮುಂದೆ ನಡುವಿನಲ್ಲಿ ಇನ್ಸೈಸಿವ್ ರಂಧ್ರ, ಹಿಂದೆ ಎಡಕ್ಕೊಂದು ಬಲಕ್ಕೊಂದು ಗ್ರೇಟರ್ ಪ್ಯಾಲಟೈನ್ ರಂಧ್ರ.

ಮುಂದಿನ ಬಾಗಿಲಿನಿಂದ ನೇಸೋಪ್ಯಾಲಟೈನ್ ನರ ಹೊರಬರುತ್ತದೆ. ಮೂಗಿನ ನಡುಗೋಡೆಯ ಮೇಲೆ ಓರೆಯಾಗಿ ಇಳಿದು ಬಂದ ನರ ಅದು. ಎಡಗಡೆಯ ಕೋರೆಹಲ್ಲಿನಿಂದ ಬಲಗಡೆಯ ಕೋರೆಹಲ್ಲಿನವರೆಗೆ, ಮುಂದಿನ ಹಲ್ಲುಗಳ ಒಳಬದಿಯ ವಸಡು ಮತ್ತು ಅಂಗುಳಕ್ಕೆ ಇದರದೇ ಸ್ಪರ್ಶಜ್ಞಾನ. ಹಿಂದಿನ ಬಾಗಿಲುಗಳಿಂದ ಗ್ರೇಟರ್ ಪ್ಯಾಲಟೈನ್ ನರ ಅದೇ ಹೆಸರಿನ ರಕ್ತನಾಳಗಳ ಜೊತೆ ಇಳಿದು, ಮೂಳೆಗೂ ಅದರ ಹೊದಿಕೆಗೂ ನಡುವೆ ಮುಂದಕ್ಕೆ ಹರಿಯುತ್ತದೆ. ಮೂರನೇ ದವಡೆ ಹಲ್ಲಿನಿಂದ ಮೊದಲನೇ ಪ್ರೀಮೋಲಾರ್‌ವರೆಗಿನ ಒಳಬದಿ ಇದರ ಪಾಲು. ಕೋರೆಹಲ್ಲಿಗೂ ದವಡೆ ಹಲ್ಲುಗಳಿಗೂ ನಡುವೆ ಇರುವ ಎರಡು ಹಲ್ಲುಗಳೇ ಪ್ರೀಮೋಲಾರ್‌ಗಳು. ಮೊದಲನೇ ಪ್ರೀಮೋಲಾರ್ ಮತ್ತು ಕೋರೆಹಲ್ಲಿನ ಸುತ್ತ ಎರಡು ನರಗಳ ಸೀಮೆ ಒಂದರ ಮೇಲೊಂದು ಬೀಳುತ್ತದೆ. ಅಲ್ಲಿ ಒಂದು ಕಡೆ ಚುಚ್ಚಿ ‘ಪೂರ್ತಿ ಮರಗಟ್ಟಲಿಲ್ಲ’ ಎಂದು ಕಂಗಾಲಾಗಬೇಡಿ. ಇನ್ನೊಂದು ನರದ ಕೊನೆಯ ಎಳೆಗಳು ಅಲ್ಲಿಗೆ ಬಂದಿರುತ್ತವೆ ಅಷ್ಟೇ.

ಈ ಎರಡೂ ನರಗಳಿಗೆ ಕೊಡುವ ಚುಚ್ಚುಮದ್ದು ಹಲ್ಲಿನ ಒಳತಿರುಳನ್ನು ಮರಗಟ್ಟಿಸುವುದಿಲ್ಲ ಎಂಬುದನ್ನು ನೆನಪಿಡಿ. ತಿರುಳಿಗೆ ಹೊರಬದಿಯಿಂದ, ಅಂದರೆ ತುಟಿ ಅಥವಾ ಕೆನ್ನೆಯ ಕಡೆಯಿಂದ ಕೊಡುವ ಚುಚ್ಚುಮದ್ದು ಬೇರೆ. ಹಲ್ಲು ಕೀಳುವಾಗ ಎರಡೂ ಬೇಕು. ಹೊರಗಿನದನ್ನು ಮಾತ್ರ ಕೊಟ್ಟರೆ ಇಕ್ಕಳದ ಒಳಗಿನ ಕೊಕ್ಕು ವಸಡಿಗೆ ತಗುಲಿದ ಕೂಡಲೇ ರೋಗಿ ತಲೆ ಹಿಂದಕ್ಕೆಳೆದುಕೊಳ್ಳುತ್ತಾರೆ.

ಇನ್ನು ನೋವಿನ ಮಾತು. ಕೆನ್ನೆಯ ಒಳಗಿನ ಲೋಳೆಪೊರೆ ಸಡಿಲ, ದ್ರವಕ್ಕೆ ಹರಡಲು ಜಾಗವಿದೆ. ಅಂಗುಳದಲ್ಲಿ ಲೋಳೆಪೊರೆಯೂ ಮೂಳೆಯ ಹೊದಿಕೆಯೂ ಒಂದಾಗಿ ಬೆಸೆದುಕೊಂಡು ಮೂಳೆಗೆ ಬಿಗಿಯಾಗಿ ಅಂಟಿರುತ್ತವೆ. ಇದನ್ನು ಮ್ಯೂಕೋಪೆರಿಯಾಸ್ಟಿಯಂ ಎನ್ನುತ್ತಾರೆ. ಬಿಗಿದ ಡೋಲಿನ ಚರ್ಮದ ಕೆಳಗೆ ನೀರು ತುಂಬಿಸಲು ಹೋದಂತೆ, ಒಳಹೊಕ್ಕ ಪ್ರತಿ ಹನಿಯೂ ಅಂಗಾಂಶವನ್ನು ಮೂಳೆಯಿಂದ ಬಿಡಿಸುತ್ತಾ ಜಾಗ ಮಾಡಿಕೊಳ್ಳಬೇಕು. ಸೂಜಿಯ ಮೊನೆಗಿಂತ ಈ ಒತ್ತಡವೇ ಹೆಚ್ಚು ನೋಯಿಸುತ್ತದೆ. ಆದ್ದರಿಂದ ನಿಧಾನ ಎಂಬುದು ಇಲ್ಲಿ ವಿನಯದ ಮಾತಲ್ಲ, ತಂತ್ರದ ಭಾಗ.

ಬೇಕಾಗುವ ಸಲಕರಣೆ

ಒಳ್ಳೆಯ ಬೆಳಕು, ಬಾಯಿಗನ್ನಡಿ, ಗಾಜ್ ಬಟ್ಟೆ, ತುದಿಗೆ ಹತ್ತಿ ಸುತ್ತಿದ ಕಡ್ಡಿಗಳು, ಮೇಲೆ ಹಚ್ಚುವ ಅರಿವಳಿಕೆ ಜೆಲ್, ಹಿಂದಕ್ಕೆಳೆದು ನೋಡಲು ಬರುವ ಸಿರಿಂಜ್, 27 ಗೇಜ್‌ನ ಗಿಡ್ಡ ಸೂಜಿ, ಅರಿವಳಿಕೆಯ ಕಾರ್ಟ್ರಿಡ್ಜ್. ಒಣ ತಲೆಬುರುಡೆ ಅಥವಾ ಅದರ ಪ್ರತಿಕೃತಿ ಸಿಕ್ಕರೆ ಅರ್ಧ ಗಂಟೆ ಅದರ ಜೊತೆ ಕುಳಿತುಕೊಳ್ಳಿ. ಸಾಧ್ಯವಾದರೆ ಒಂದಲ್ಲ, ನಾಲ್ಕೈದು ಬುರುಡೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಹಿಂದಿನ ರಂಧ್ರದ ಜಾಗ ಒಂದೊಂದರಲ್ಲಿ ಒಂದೊಂದು ರೀತಿ ಇರುವುದು ಕಣ್ಣಿಗೆ ಬೀಳುತ್ತದೆ. ಪುಸ್ತಕಗಳ ಜಗಳಕ್ಕೆ ಕಾರಣ ಅಲ್ಲೇ ಗೊತ್ತಾಗುತ್ತದೆ.

ಹಂತ 1: ತಲೆ ಮತ್ತು ಬೆಳಕು

ರೋಗಿಯನ್ನು ಅಂಗಾತ ಮಲಗಿಸಿ, ಗದ್ದ ಮೇಲಕ್ಕೆತ್ತಿಸಿ, ಬಾಯಿ ಪೂರ್ತಿ ತೆರೆಸಿ. ಅಂಗುಳದ ಹಿಂತುದಿಯವರೆಗೆ ನೇರವಾಗಿ ಕಾಣಬೇಕು. ಬಲಗೈಯವರಾದರೆ ಬಲಬದಿಯ ಹಿಂದಿನ ರಂಧ್ರಕ್ಕೆ ಗಡಿಯಾರದ 7 ಅಥವಾ 8 ಗಂಟೆಯ ಜಾಗದಲ್ಲಿ ರೋಗಿಗೆ ಮುಖ ಮಾಡಿ ಕುಳಿತುಕೊಳ್ಳಿ. ಎಡಬದಿಗೆ 11 ಗಂಟೆಯ ಜಾಗ ಅನುಕೂಲ. ಮುಂದಿನ ರಂಧ್ರಕ್ಕೆ 9 ಅಥವಾ 10. ರೋಗಿಯ ತಲೆ 12 ಗಂಟೆಯ ಕಡೆ ಇದೆ ಎಂದು ಲೆಕ್ಕ.

ಹಂತ 2: ನಡುಗೆರೆ, ಸುಕ್ಕುಗಳು, ಪ್ಯಾಪಿಲ್ಲಾ

ಮುಂಭಾಗದಿಂದ ಶುರು ಮಾಡಿ. ಮೇಲಿನ ಎರಡು ಮಧ್ಯದ ಬಾಚಿಹಲ್ಲುಗಳ ಹಿಂದೆ, ಸರಿಯಾಗಿ ನಡುವಿನಲ್ಲಿ, ಅಕ್ಕಿಕಾಳಿನಂಥ ಒಂದು ಸಣ್ಣ ಉಬ್ಬು ಇದೆ. ನಾಲಿಗೆಯ ತುದಿಯಿಂದ ಮುಟ್ಟಿದರೆ ನಿಮಗೇ ತಿಳಿಯುತ್ತದೆ. ಅದೇ ಇನ್ಸೈಸಿವ್ ಪ್ಯಾಪಿಲ್ಲಾ. ಮುಂದಿನ ರಂಧ್ರ ಇದರ ಕೆಳಗೆ ಅಡಗಿದೆ. ಅಂಗುಳದಲ್ಲಿ ಕಣ್ಣಿಗೇ ಕಾಣುವ, ಬಹುಮಟ್ಟಿಗೆ ನಂಬಬಹುದಾದ ಗುರುತು ಇದೊಂದೇ.

ಪ್ಯಾಪಿಲ್ಲಾದಿಂದ ಹಿಂದಕ್ಕೆ ಸಾಗುವ ತೆಳು ಗೆರೆಯೇ ನಡುಗೆರೆ. ಇಲ್ಲಿ ಹೊದಿಕೆ ಬಹಳ ತೆಳು, ಕೆಳಗೆ ನೇರವಾಗಿ ಮೂಳೆ. ಹಿಂದಕ್ಕೆ ಸಾಗಿದಂತೆ ಇದರ ಮೇಲೆ ಚುಚ್ಚಲು ಯಾವ ಕಾರಣವೂ ಇಲ್ಲ. ಅಳತೆಗೆ ಮಾತ್ರ ಇದನ್ನು ಬಳಸಿ. ಕೆಲವರಲ್ಲಿ ಈ ಗೆರೆಯ ಮೇಲೆ ಗಟ್ಟಿಯಾದ ಮೂಳೆಗಂಟು ಇರುತ್ತದೆ. ಟೋರಸ್ ಪ್ಯಾಲಟೈನಸ್ ಎಂದು ಅದರ ಹೆಸರು. ಅದು ರೋಗವಲ್ಲ, ಹುಟ್ಟುಗುಣದ ಬೆಳವಣಿಗೆ. ಆದರೆ ಗಂಟಿನ ಇಳಿಜಾರನ್ನು ಅಂಗುಳದ ನಿಜವಾದ ಇಳಿಜಾರು ಎಂದು ತಪ್ಪಾಗಿ ಎಣಿಸಿದರೆ ಮುಂದಿನ ಹುಡುಕಾಟವೆಲ್ಲ ಹಳಿ ತಪ್ಪುತ್ತದೆ.

ನಡುಗೆರೆಯ ಎರಡೂ ಬದಿಗೆ ಮುಂಭಾಗದಲ್ಲಿ ಅಡ್ಡಡ್ಡ ಏರುಗಳಿವೆ, ರುಗೆಗಳು. ಬೆರಳಚ್ಚಿನಂತೆ ಇವು ಒಬ್ಬರದು ಒಬ್ಬರಿಗೆ ಹೋಲುವುದಿಲ್ಲ. ಸೂಜಿಯ ಜಾಗ ಹುಡುಕಲು ಇವುಗಳನ್ನು ನಂಬಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಹಲ್ಲಿಲ್ಲದ ಬಾಯಿಯಲ್ಲಿ ತುಟಿಯ ಕಡೆಯ ಮೂಳೆ ಸವೆದು ಹೋಗುವುದರಿಂದ ಪ್ಯಾಪಿಲ್ಲಾ ವಸಡಿನ ಏಣಿನ ಹತ್ತಿರಕ್ಕೆ, ಕೆಲವೊಮ್ಮೆ ಅದರ ನೆತ್ತಿಗೇ ಬಂದಂತೆ ಕಾಣುತ್ತದೆ. ಸರಿದದ್ದು ಪ್ಯಾಪಿಲ್ಲಾ ಅಲ್ಲ, ಸುತ್ತಲಿನ ಮೂಳೆ. ರಂಧ್ರ ಈಗಲೂ ಅದರ ಕೆಳಗೇ ಇದೆ.

ಹಂತ 3: ಹಿಂದಿನ ಗಡಿ

ಮುಂಭಾಗ ಗುರುತಾದ ಮೇಲೆ ನೇರವಾಗಿ ಹಿಂತುದಿಗೆ ಹೋಗಿ. ರೋಗಿಗೆ ‘ಆ’ ಎನ್ನಲು ಹೇಳಿ. ಅಲುಗುವ ಭಾಗ ಮೆದು ಅಂಗುಳ, ಅಲುಗದ್ದು ಗಟ್ಟಿ ಅಂಗುಳದ ಕಡೆ. ಈ ಗಡಿಯ ಹತ್ತಿರ, ನಡುಗೆರೆಯ ಅಕ್ಕಪಕ್ಕದಲ್ಲಿ ಸೂಜಿಮೊನೆಯಷ್ಟೇ ಎರಡು ತಗ್ಗುಗಳು ಕೆಲವರಲ್ಲಿ ಕಾಣುತ್ತವೆ. ಅವು ಫೋವಿಯಾಗಳು. ಸಣ್ಣ ಗ್ರಂಥಿಗಳ ನಾಳಗಳು ತೆರೆದುಕೊಳ್ಳುವ ಜಾಗ ಅದು, ನರದ ರಂಧ್ರವಲ್ಲ.

ಕೊನೆಯ ದವಡೆ ಹಲ್ಲಿನ ಹಿಂದೆ ಮೇಲ್ದವಡೆಯ ದುಂಡನೆಯ ಉಬ್ಬು ಸಿಗುತ್ತದೆ, ಟ್ಯೂಬರಾಸಿಟಿ. ಅದಕ್ಕೂ ಹಿಂದೆ, ಸ್ವಲ್ಪ ಒಳಮಗ್ಗುಲಿಗೆ, ಮೆದುವಾದ ಜಾಗದಲ್ಲಿ ಬೆರಳಿಗೆ ತಟ್ಟನೆ ಗಟ್ಟಿ ಕೊಕ್ಕೆಯೊಂದು ತಗುಲಬಹುದು. ಇದು ಹ್ಯಾಮ್ಯುಲಸ್. ಒತ್ತಿದರೆ ರೋಗಿಗೆ ಕಿರಿಕಿರಿಯಾಗುತ್ತದೆ. ಅದು ಬೆರಳಿಗೆ ಸಿಕ್ಕಿತೆಂದರೆ ನೀವು ಹುಡುಕಬೇಕಾದ ಜಾಗವನ್ನು ದಾಟಿ ಹಿಂದೆ ಹೋಗಿದ್ದೀರಿ. ಮುಂದಕ್ಕೆ ಬನ್ನಿ.

ಹಿಂದಿನ ದೊಡ್ಡ ರಂಧ್ರದ ಬೆನ್ನಿಗೇ ಲೆಸರ್ ಪ್ಯಾಲಟೈನ್ ಎಂಬ ಚಿಕ್ಕ ರಂಧ್ರಗಳಿವೆ. ಅವುಗಳ ನರ ಮೆದು ಅಂಗುಳಕ್ಕೆ ಸೇರಿದ್ದು. ಔಷಧ ಅತ್ತ ಹರಿದರೆ ಗಂಟಲಲ್ಲಿ ಏನೋ ತೂಗುತ್ತಿರುವಂತೆ ಅನ್ನಿಸಿ ರೋಗಿಗೆ ಓಕರಿಕೆ ಬರುತ್ತದೆ. ಅಪಾಯವಿಲ್ಲ, ಆದರೆ ಮೊದಲೇ ಹೇಳದಿದ್ದರೆ ಉಸಿರು ಕಟ್ಟುತ್ತಿದೆ ಎಂದೇ ಅವರು ಹೆದರುತ್ತಾರೆ.

ಹಂತ 4: ಗ್ರೇಟರ್ ಪ್ಯಾಲಟೈನ್ ರಂಧ್ರವನ್ನು ಒತ್ತಿ ಹುಡುಕುವುದು

ಇಡೀ ಲೇಖನದ ಜೀವ ಈ ಹಂತದಲ್ಲಿದೆ. ಆದ್ದರಿಂದ ಇಲ್ಲಿ ಸಾವಧಾನವಾಗಿ ನಿಲ್ಲೋಣ.

ಅಂಗುಳದ ಅಡ್ಡ ಕೊಯ್ತವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಹಲ್ಲಿನ ಬುಡದಿಂದ ಮೇಲೇರುವ ಕಡಿದಾದ ಗೋಡೆ ಒಂದು. ನಡುವಿನ ಚಪ್ಪಟೆ ಚಾವಣಿ ಇನ್ನೊಂದು. ಇವೆರಡೂ ಸೇರುವ ಮೂಲೆಯೊಂದಿದೆ. ರಂಧ್ರ ಇರುವುದು ಈ ಮೂಲೆಯ ಸಾಲಿನಲ್ಲಿ. ನಡುಗೆರೆಯಿಂದ ಸುಮಾರು 15 ಮಿಲಿಮೀಟರ್ ದೂರ, ಗಟ್ಟಿ ಅಂಗುಳದ ಹಿಂತುದಿಯಿಂದ ಕೆಲವೇ ಮಿಲಿಮೀಟರ್ ಮುಂದೆ. ಹಲ್ಲುಗಳ ಲೆಕ್ಕದಲ್ಲಿ ಹೇಳುವುದಾದರೆ ಹೆಚ್ಚಿನವರಲ್ಲಿ ಮೂರನೇ ದವಡೆ ಹಲ್ಲಿನ ಎದುರು, ಇನ್ನು ಕೆಲವರಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ. ಮೂರನೆಯದೆಂದರೆ ಬುದ್ಧಿಹಲ್ಲು. ಅದು ಹುಟ್ಟಿಯೇ ಇಲ್ಲದವರು, ಕೀಳಿಸಿಕೊಂಡವರು ಎಷ್ಟೋ ಮಂದಿ. ಅಂಥವರಲ್ಲಿ ಹಲ್ಲನ್ನು ಲೆಕ್ಕ ಹಿಡಿದು ಹೋಗುವುದೇ ಕಷ್ಟ. ಮಕ್ಕಳಲ್ಲಿ ದವಡೆ ಇನ್ನೂ ಹಿಂದಕ್ಕೆ ಬೆಳೆಯಬೇಕಾಗಿರುವುದರಿಂದ ಹಲ್ಲುಗಳಿಗೂ ರಂಧ್ರಕ್ಕೂ ಇರುವ ಸಂಬಂಧ ಮತ್ತೂ ಬೇರೆ.

ಈಗ ಹತ್ತಿಯ ಕಡ್ಡಿ ತೆಗೆದುಕೊಳ್ಳಿ. ಮೊದಲನೇ ದವಡೆ ಹಲ್ಲಿನ ನೇರದಲ್ಲಿ, ಗೋಡೆ ಮತ್ತು ಚಾವಣಿ ಸೇರುವ ಮೂಲೆಯಲ್ಲಿ ಅದರ ತುದಿ ಇಡಿ. ಗಟ್ಟಿಯಾಗಿ ಒತ್ತಿ. ಒತ್ತಡ ಬಿಡದೆ ಅದೇ ಸಾಲಿನಲ್ಲಿ ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ಸರಿಸಿ. ಮೊದಲು ಕಡ್ಡಿಯ ಕೆಳಗೆ ಕಲ್ಲಿನಂಥ ಮೂಳೆ. ಎರಡನೇ ದವಡೆ ಹಲ್ಲು ದಾಟುತ್ತಿದ್ದಂತೆ ಅಥವಾ ಅದರ ಆಚೆ, ಕಡ್ಡಿಯ ತುದಿ ಒಮ್ಮೆಲೇ ಸಣ್ಣ ಗುಳಿಯೊಂದಕ್ಕೆ ಇಳಿಯುತ್ತದೆ. ಗುಳಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಬಟ್ಟೆ ಹೊದಿಸಿದ ಮೇಜಿನ ಮೇಲಿನ ತೂತನ್ನು ಹೆಬ್ಬೆರಳಿನಿಂದ ಹುಡುಕಿದಂತೆ. ಅಲ್ಲಿ ಒತ್ತಿದಾಗ ರೋಗಿಯ ಹುಬ್ಬು ಸ್ವಲ್ಪ ಗಂಟಿಕ್ಕಿದರೆ ಅದೂ ಒಂದು ಸಾಕ್ಷಿ.

ಗುಳಿ ಸಿಗದಿದ್ದರೆ ಕಾರಣ ಸಾಮಾನ್ಯವಾಗಿ ಈ ಮೂರರಲ್ಲೊಂದು. ಕಡ್ಡಿ ಗೋಡೆಯ ಮೇಲೆ, ಅಂದರೆ ಹಲ್ಲಿಗೆ ತೀರಾ ಹತ್ತಿರ ಸಾಗುತ್ತಿದೆ. ಇಲ್ಲವೇ ಚಾವಣಿಯ ನಡುವಿಗೆ ಜಾರಿದೆ. ಇಲ್ಲವೇ ನೀವು ಒತ್ತುತ್ತಿಲ್ಲ, ಸವರುತ್ತಿದ್ದೀರಿ. ಹೊಸಬರಲ್ಲಿ ನಾನು ಹೆಚ್ಚು ಕಂಡಿರುವುದು ಈ ಮೂರನೆಯ ತಪ್ಪನ್ನು. ರೋಗಿಗೆ ನೋವಾದೀತು ಎಂಬ ಕಾಳಜಿಯಿಂದಲೇ ಕೈ ಹಗುರಾಗುತ್ತದೆ. ಆದರೆ ಹಗುರಾಗಿ ಸವರಿ, ಊಹೆಯ ಜಾಗಕ್ಕೆ ಚುಚ್ಚಿ, ಮರಗಟ್ಟದೆ ಎರಡನೇ ಸಲ ಚುಚ್ಚುವುದು ಇದಕ್ಕಿಂತ ಹೆಚ್ಚಿನ ನೋವು. ವಿದ್ಯಾರ್ಥಿಯಾಗಿದ್ದಾಗ ನಾನೂ ಪುಸ್ತಕದ ಜಾಗವನ್ನು ನಂಬಿ ಒತ್ತಿ ನೋಡದೆ ಚುಚ್ಚಿದ್ದೆ. ಆ ರೋಗಿ ಕುರ್ಚಿಯ ಹಿಡಿಯನ್ನು ಅವುಚಿಕೊಂಡಿದ್ದ ಕೈ ನನಗೆ ಈಗಲೂ ಕಾಣುತ್ತದೆ.

ಸೂಜಿ ಇಲ್ಲದೆ ಈ ಹಂತವನ್ನು ಹತ್ತಾರು ಬಾಯಿಗಳಲ್ಲಿ ಮಾಡಿ, ಪ್ರತಿ ಸಲವೂ ಎರಡೂ ಬದಿ. ಎಡ ಬಲ ಒಂದೇ ಅಳತೆಯಲ್ಲಿ ಇರಲೇಬೇಕೆಂದಿಲ್ಲ.

ಹಂತ 5: ಜೆಲ್ ಮತ್ತು ಒತ್ತಡ

ಜಾಗವನ್ನು ಗಾಜ್‌ನಿಂದ ಒರೆಸಿ ಒಣಗಿಸಿ. ಜೊಲ್ಲಿನ ಮೇಲೆ ಹಚ್ಚಿದ ಜೆಲ್ ನಾಲಿಗೆಗೆ ಹೋಗುತ್ತದೆಯೇ ಹೊರತು ಅಂಗುಳಕ್ಕಲ್ಲ. ಕಡ್ಡಿಯಿಂದ ಜೆಲ್ ಹಚ್ಚಿ ಎರಡು ನಿಮಿಷ ಅಲ್ಲೇ ಹಿಡಿಯಿರಿ. ಗಡಿಯಾರ ನೋಡಿ ಎರಡು ನಿಮಿಷ.

ಬಳಿಕ ಕಡ್ಡಿಯನ್ನು ಗುಳಿಯ ಮೇಲೆ ಬಿಗಿಯಾಗಿ ಒತ್ತಿ ಅರ್ಧ ನಿಮಿಷ ಕಾಯಿರಿ. ಕಡ್ಡಿಯ ಅಂಚಿನ ಸುತ್ತ ಗುಲಾಬಿ ಬಣ್ಣ ಹಿಂಜರಿದು ಅಂಗಾಂಶ ಬಿಳಿಚಿಕೊಳ್ಳಬೇಕು. ಆ ಬಿಳಿ ಉಂಗುರ ನಿಮ್ಮ ಗುರಿ. ಅಲ್ಲಿ ಸೂಜಿಯ ಚುಚ್ಚು ರೋಗಿಗೆ ಅಷ್ಟಾಗಿ ತಿಳಿಯುವುದಿಲ್ಲ. ಚುಚ್ಚುಮದ್ದು ಮುಗಿಯುವವರೆಗೆ ಕಡ್ಡಿಯ ಒತ್ತಡವನ್ನು ಬಿಡಬಾರದು. ಸೂಜಿ ಒಳಹೋಯಿತೆಂದು ಕಡ್ಡಿ ತೆಗೆದುಬಿಡುವುದು ಬಹಳ ಜನ ಮಾಡುವ ತಪ್ಪು.

ಹಂತ 6: ಹಿಂದಿನ ನರಕ್ಕೆ ಸೂಜಿ

ಗುಳಿಯಿಂದ 1 ರಿಂದ 2 ಮಿಲಿಮೀಟರ್ ಮುಂದೆ ಸೂಜಿಯ ಜಾಗ. ಸಿರಿಂಜ್ ಬಾಯಿಯ ಎದುರು ಬದಿಯಿಂದ ಬಂದು ಅಂಗಾಂಶಕ್ಕೆ ಹೆಚ್ಚುಕಡಿಮೆ ಲಂಬವಾಗಿರಲಿ. ಬೆವೆಲ್, ಅಂದರೆ ಸೂಜಿಯ ಓರೆಯಾಗಿ ಕತ್ತರಿಸಿದ ಮುಖವನ್ನು ಬಿಳಿಚಿದ ಜಾಗಕ್ಕೆ ತಾಗಿಸಿ ಮೊದಲು ಒಂದು ಹನಿ ಬಿಡಿ. ನಂತರ ಮೊನೆ ಒಳಗೆ. ಕೊಂಚ ಮುಂದುವರಿಸಿ ಒಂದಿಷ್ಟು ಹನಿ, ಮತ್ತೆ ಕೊಂಚ. ಮೂಳೆ ಮೆಲ್ಲಗೆ ತಗುಲಿದಾಗ ನಿಲ್ಲಿಸಿ. ಆಳ ಸಾಮಾನ್ಯವಾಗಿ 5 ಮಿಲಿಮೀಟರ್ ಆಸುಪಾಸು. ರಂಧ್ರದ ಒಳಕ್ಕೆ ಸೂಜಿ ತೂರಿಸುವ ಅಗತ್ಯವಿಲ್ಲ. ನರ ಹೊರಬಂದು ಮುಂದಕ್ಕೆ ಸಾಗುವ ದಾರಿಯಲ್ಲೇ ಅದನ್ನು ಹಿಡಿಯುತ್ತೇವೆ.

ಪ್ಲಂಜರ್ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡಿ, ಇಲ್ಲಿ ರಕ್ತನಾಳ ನರದ ಜೊತೆಗೇ ಇದೆ. ಬರದಿದ್ದರೆ ಕನಿಷ್ಠ 30 ಸೆಕೆಂಡು ತೆಗೆದುಕೊಂಡು 0.45 ರಿಂದ 0.6 ಮಿಲಿಲೀಟರ್ ಕೊಡಿ. 1.8 ಮಿಲಿಲೀಟರ್‌ನ ಕಾರ್ಟ್ರಿಡ್ಜ್‌ನಲ್ಲಿ ಅದು ಕಾಲು ಭಾಗದಿಂದ ಮೂರನೇ ಒಂದು ಭಾಗ. ಎರಡು ಮೂರು ನಿಮಿಷ ಕಾಯಿರಿ.

ಹಂತ 7: ಮುಂದಿನ ನರಕ್ಕೆ ಸೂಜಿ

ಪ್ಯಾಪಿಲ್ಲಾದ ನೆತ್ತಿಗೆ ನೇರವಾಗಿ ಚುಚ್ಚಬೇಡಿ. ಬಾಯಿಯಲ್ಲಿ ಅಷ್ಟು ನೋಯುವ ಜಾಗ ಬೇರೆ ಸಿಗುವುದು ಕಷ್ಟ. ಅದರ ಪಕ್ಕದ ಅಂಚಿನಲ್ಲಿ, ಸುಮಾರು 45 ಡಿಗ್ರಿ ಓರೆಯಲ್ಲಿ, ಮೊನೆ ರಂಧ್ರದ ಕಡೆ ಇರುವಂತೆ ಹೋಗಿ. ಜೆಲ್, ಒತ್ತಡ, ಹನಿ ಹನಿಯ ಕ್ರಮ ಹಿಂದಿನಂತೆಯೇ. ಮೂಳೆ ತಗುಲಿದ ಮೇಲೆ 1 ಮಿಲಿಮೀಟರ್ ಹಿಂದೆ ಬಂದು, ರಕ್ತ ಪರೀಕ್ಷಿಸಿ, 0.45 ಮಿಲಿಲೀಟರ್ ಮೀರದಂತೆ ನಿಧಾನವಾಗಿ ಕೊಡಿ. 5 ಮಿಲಿಮೀಟರ್‌ಗಿಂತ ಆಳಕ್ಕೆ ಹೋಗಬೇಡಿ. ಈ ರಂಧ್ರದಿಂದ ಮೂಳೆಯೊಳಗೆ ಮೇಲೇರುವ ನಾಳದ ಇನ್ನೊಂದು ತುದಿ ಮೂಗಿನ ನೆಲದಲ್ಲಿದೆ, ಸೂಜಿ ಅಲ್ಲಿಗೆ ಹೊಕ್ಕರೆ ಸೋಂಕಿಗೆ ದಾರಿಯಾದೀತು.

ಬಹಳ ಹೆದರುವ ರೋಗಿಗೆ ಸುತ್ತುದಾರಿಯೊಂದಿದೆ. ಮೊದಲು ತುಟಿಯ ಕಡೆಯಿಂದ ಮಧ್ಯದ ಮಡಿಕೆಯ ಬಳಿ ಸ್ವಲ್ಪ ಔಷಧ. ಅದು ಮರಗಟ್ಟಿದ ಮೇಲೆ ಎರಡು ಬಾಚಿಹಲ್ಲುಗಳ ನಡುವಿನ ವಸಡಿನ ಮೂಲಕ ಹಿಂದಕ್ಕೆ. ಕೊನೆಗೆ, ಬೇಕಾದರೆ ಮಾತ್ರ, ಅಂಗುಳದ ಬದಿಯಿಂದ. ಚುಚ್ಚು ಮೂರಾದರೂ ಮೊದಲನೆಯದನ್ನು ಬಿಟ್ಟು ಪ್ರತಿಯೊಂದೂ ಆಗಲೇ ಮರಗಟ್ಟಿದ ಜಾಗಕ್ಕೆ ಬೀಳುತ್ತದೆ. ಹೆದರಿದವರ ವಿಷಯದಲ್ಲಿ ನಾನು ಈ ದಾರಿಯನ್ನೇ ಆರಿಸುತ್ತೇನೆ, ಸಮಯ ಹೆಚ್ಚು ಹಿಡಿದರೂ ಸರಿ.

ಎಡವುವ ಜಾಗಗಳು

ಔಷಧ ತಳ್ಳಲು ಹೆಬ್ಬೆರಳಿಗೆ ವಿಪರೀತ ಬಲ ಬೇಕಾಗುತ್ತಿದ್ದರೆ ಬಲ ಹೆಚ್ಚಿಸಬೇಡಿ, ವೇಗ ಇಳಿಸಿ. ಒತ್ತಾಯದಿಂದ ನುಗ್ಗಿದ ದ್ರವ ಸೂಜಿಯ ಪಕ್ಕದಿಂದಲೇ ಚಿಮ್ಮಿ ಕಹಿಯಾಗಿ ಗಂಟಲಿಗಿಳಿಯುತ್ತದೆ, ಇಲ್ಲವೇ ಅಂಗಾಂಶವನ್ನು ಹರಿಯುತ್ತದೆ.

ರಕ್ತನಾಳ ಕುಗ್ಗಿಸುವ ಔಷಧದ ಬಗ್ಗೆ ವಿಶೇಷ ಎಚ್ಚರ ಬೇಕು. ಎಪಿನೆಫ್ರಿನ್ 1:50,000 ದಂಥ ಗಾಢ ಪ್ರಮಾಣವನ್ನು ಅಂಗುಳದಲ್ಲಿ ಬಳಸಬೇಡಿ. ಬಿಗಿಯಾದ ಅಂಗಾಂಶಕ್ಕೆ ರಕ್ತ ಬಹುಹೊತ್ತು ನಿಂತುಹೋದರೆ ಕೆಲ ದಿನಗಳ ಬಳಿಕ ಅಲ್ಲಿ ಹುಣ್ಣಾಗಬಹುದು. ಅದೇ ಜಾಗಕ್ಕೆ ಪದೇಪದೇ ಚುಚ್ಚುವುದೂ ಇದಕ್ಕೆ ದಾರಿ. ಅಂಗುಳದ ಹಿಂಭಾಗದಲ್ಲಿರುವ ಸಣ್ಣ ಜೊಲ್ಲುಗ್ರಂಥಿಗಳಿಗೆ ರಕ್ತ ಕಡಿಮೆಯಾದಾಗ ನೆಕ್ರೋಟೈಸಿಂಗ್ ಸಿಯಾಲೋಮೆಟಾಪ್ಲೇಸಿಯಾ ಎಂಬ ಆಳ ಹುಣ್ಣು ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ. ನೋಡಲು ಕ್ಯಾನ್ಸರಿನಂತಿದ್ದರೂ ವಾರಗಳಲ್ಲಿ ತಾನಾಗಿ ಮಾಯುತ್ತದೆ. ಹಾಗೆಂದು ನೀವೇ ತೀರ್ಮಾನಿಸದೆ ಹಿರಿಯರಿಗೆ ತೋರಿಸಿ.

ಪ್ರಮಾಣದ ಲೆಕ್ಕದಲ್ಲಿ ಅಂಗುಳಕ್ಕೆ ಕೊಟ್ಟದ್ದನ್ನು ಮರೆಯಬೇಡಿ. ಶೇ 2ರ ಲಿಗ್ನೋಕೇನ್ ಎಂಬ ಅರಿವಳಿಕೆಯ 1.8 ಮಿಲಿಲೀಟರ್ ಕಾರ್ಟ್ರಿಡ್ಜ್‌ನಲ್ಲಿ 36 ಮಿಲಿಗ್ರಾಂ ಔಷಧವಿದೆ. ಕಾಲು ಭಾಗವೂ ಲೆಕ್ಕಕ್ಕೆ ಸೇರಬೇಕು, ಮಕ್ಕಳಲ್ಲಂತೂ ಖಂಡಿತ.

ಗ್ರೇಟರ್ ಪ್ಯಾಲಟೈನ್ ರಂಧ್ರದಿಂದ ಮೇಲೇರುವ ಮೂಳೆಯ ನಾಳದೊಳಕ್ಕೆ ಉದ್ದ ಸೂಜಿಯನ್ನು ಸುಮಾರು 30 ಮಿಲಿಮೀಟರ್ ಏರಿಸಿ ಇಡೀ ಮೇಲ್ದವಡೆಯ ನರವನ್ನೇ ಮರಗಟ್ಟಿಸುವ ವಿಧಾನವೂ ಇದೆ. ಔಷಧ ಕಣ್ಣಿನ ಗೂಡಿಗೆ ಹರಿದು ದೃಷ್ಟಿ ಇಬ್ಬಗೆಯಾಗುವ ಸಾಧ್ಯತೆ ಇರುವುದರಿಂದ ಅದನ್ನು ಓದಿ ಕಲಿಯಲು ಹೋಗಬೇಡಿ.

ಹಂತ 8: ಪರೀಕ್ಷೆ ಮತ್ತು ಟಿಪ್ಪಣಿ

ಮೊನಚಾದ ಸಲಕರಣೆಯಿಂದ ಮೊದಲು ಮರಗಟ್ಟದ ಬದಿಯನ್ನು, ಆಮೇಲೆ ಮರಗಟ್ಟಿದ ಬದಿಯನ್ನು ಮುಟ್ಟಿ. ‘ನೋವಾಗುತ್ತಿದೆಯೇ’ ಎನ್ನುವುದಕ್ಕಿಂತ ‘ಎರಡರಲ್ಲಿ ವ್ಯತ್ಯಾಸ ಇದೆಯೇ’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಮರಗಟ್ಟು ಇಳಿಯುವವರೆಗೆ ಬಿಸಿಯಾದದ್ದನ್ನು ಬಾಯಿಗೆ ಹಾಕಬಾರದು, ಎರಡು ಮೂರು ದಿನಗಳಲ್ಲಿ ಹುಣ್ಣು ಕಂಡರೆ ಬಂದು ತೋರಿಸಬೇಕು ಎಂದು ಹೇಳಿ ಕಳುಹಿಸಿ.

ಅವರು ಹೋದ ಮೇಲೆ ಒಂದು ಸಾಲು ಬರೆದಿಡಿ: ಯಾವ ಬದಿ, ಗುಳಿ ಯಾವ ಹಲ್ಲಿನ ಎದುರು ಸಿಕ್ಕಿತು, ನಡುಗೆರೆಯಿಂದ ಅಂದಾಜು ಎಷ್ಟು ದೂರ, ಎಷ್ಟು ಔಷಧ, ಎಷ್ಟು ನಿಮಿಷಕ್ಕೆ ಮರಗಟ್ಟಿತು. ಇಪ್ಪತ್ತು ಮೂವತ್ತು ಸಾಲುಗಳಾದಾಗ ಆ ಪಟ್ಟಿಯನ್ನು ನಿಮ್ಮ ಪುಸ್ತಕದ ಚಿತ್ರದ ಪಕ್ಕದಲ್ಲಿಟ್ಟು ನೋಡಿ.